ಮರಳು ಬಣ್ಣದ ಚೌಕುಳಿ

ಎದುರಿಗೆ ಎಲ್ಲರೂ ಅವರನ್ನು ಮಾಸ್ಟ್ರೇ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಲಂಗದ ಮಾಸ್ಟ್ರು’. ಈ ಎರಡನೆಯ ಹೆಸರು ಇಟ್ಟವನು ನಮ್ಮ ಕಟಿಂಗ್ ಟೇಬಲ್ಲಿನ ಲ್ಯಾನ್ಸಿ. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನ ಬಾಯಿಂದ ಒಮ್ಮೆ ಆದದ್ದೇ ಸಾಕು.

ದುಬೈಯ ದೇರಾದಲ್ಲಿ, ಮೀನು ಮಾರುಕಟ್ಟೆಯ ವಾಸನೆ ಗಾಳಿಗೆ ಬಂದು ಮುಟ್ಟುವಷ್ಟು ದೂರದ ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ನಮ್ಮ ಯೂನಿಫಾರ್ಮ್ ಹೊಲಿಯುವ ವರ್ಕ್‌ಶಾಪ್ ಇತ್ತು. ದುಬೈ ಮೆಟ್ರೋ ಹೊಸದಾಗಿ ಓಡತೊಡಗಿದ್ದ ಕಾಲ. ಹೋಟೆಲಿನ ಬಾಗಿಲು ಕಾಯುವವರಿಗೆ, ಆಸ್ಪತ್ರೆಯ ದಾದಿಯರಿಗೆ, ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದೆವು. ಮಾಲೀಕರು ಒಬ್ಬ ಸಿಂಧಿ ಸೇಟ್. ನಾನು ಸೂಪರ್‌ವೈಸರ್. ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರ ಬಿಟ್ಟವನು. ನನಗೆ ಹೊಲಿಗೆ ಬರುತ್ತಿರಲಿಲ್ಲ, ಹೊಲಿಯುವವರಿಂದ ಕೆಲಸ ತೆಗೆಯಲು ಬರುತ್ತಿತ್ತು.

ಮಾಸ್ಟ್ರು ಬೆಳಗಾವಿ ಕ್ಯಾಂಪಿನವರು. ಅವರ ಅಜ್ಜ ಅಲ್ಲಿನ ಗೋರಾ ಪಲ್ಟಣಕ್ಕೆ ದರ್ಜಿಯಾಗಿದ್ದರಂತೆ. ಸ್ಕಾಟ್ಲೆಂಡಿನ ಸಿಪಾಯಿಗಳು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಉಣ್ಣೆ ಉಡುಪು, ಕಿಲ್ಟ್, ಅದನ್ನು ಹೊಲಿಯುವುದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಬಂದಿತ್ತು. ಬ್ರಿಟಿಷರು ಹೋದರೂ ಚೀಲಕ್ಕೆ ಗಾಳಿ ಊದಿ ನುಡಿಸುವ ಬ್ಯಾಗ್‌ಪೈಪಿನ ಬ್ಯಾಂಡು ನಮ್ಮ ದೇಶದ ಪಲ್ಟಣಗಳಲ್ಲಿ ಉಳಿಯಿತಲ್ಲ, ಹಾಗೆಯೇ ಈ ಕೊಲ್ಲಿಯ ದೇಶಗಳಲ್ಲೂ ಉಳಿದಿದೆ. ಆ ಬ್ಯಾಂಡಿನವರು ಉಡುವುದೂ ಕಿಲ್ಟೇ, ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ನಮಗೂ ಕಿಲ್ಟಿನ ಕೆಲಸ ಬರುತ್ತಿತ್ತು. ಆ ದಿನಗಳಲ್ಲಿ ಮಾಸ್ಟ್ರ ನಡಿಗೆಯೇ ಬೇರೆ.

ಕುಳ್ಳ ಆಳು, ಎದೆ ಮುಂದೆ. ಆಗಸ್ಟಿನ ಸೆಕೆಯಲ್ಲೂ ವೇಸ್ಟ್‌ಕೋಟ್ ಬಿಚ್ಚುತ್ತಿರಲಿಲ್ಲ. ಅದರ ಎಡ ಎದೆಗೆ ಸಾಲಾಗಿ ಸೂಜಿಗಳು, ಸಿಪಾಯಿಯ ಪದಕಗಳ ಹಾಗೆ. ಮೀಸೆಗೆ ಪ್ರತಿ ಗುರುವಾರ ಬಣ್ಣ. ಜಂಬ ವಿಪರೀತ. ಅವರು ವಿನಯದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಇಸ್ಪೀಟಿನಲ್ಲಿ ಮೋಸ ಬೇರೆ. ಒಮ್ಮೆ ಬನಿಯನ್ನಿನ ಒಳಗಿಂದ ರಾಜ ಜಾರಿ ಕೆಳಗೆ ಬಿದ್ದಾಗ, ಸ್ವಲ್ಪವೂ ಅಳುಕದೆ, “ನಿಮ್ಮ ಕಣ್ಣು ಚುರುಕ್ ಅದಾವೇನ ಅಂತ ನೋಡಾಕತ್ತಿದ್ನಿ” ಎಂದು ಬಿಟ್ಟರು.

ಲ್ಯಾನ್ಸಿಗೂ ಅವರಿಗೂ ದಿನಾ ಜಟಾಪಟಿ.

“ಮಾಸ್ಟ್ರೇ, ನಿಮ್ಮ ಈ ಲಂಗದ ಒಳಗೆ ಅವರು ಎಂತ ಹಾಕಿಕೊಳ್ಳುದು?”

“ಧೈರ್ಯ ಹಾಕ್ಕೋತಾರಪಾ. ನಿನ್ನ ಸೈಜಿಂದು ಸಿಗೂದಿಲ್ಲ ಬಿಡು.”

ಲ್ಯಾನ್ಸಿ ಕೂಡ ನಗುತ್ತಿದ್ದ. ನಗದೆ ಇರುತ್ತಿದ್ದವನು ನಾನೊಬ್ಬನೇ ಇರಬೇಕು. ನನಗೆ ಅವರನ್ನು ಕಂಡರೆ ಒಂದು ಬಗೆಯ ಅಂಜಿಕೆ. ಕೆಲಸ ಬೇಗ ಮುಗಿಸಿ ಎಂದರೆ ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕಿಲ್ಟ್ ಹೊಲಿಯುವಾಗ ಮಶೀನು ಮುಟ್ಟುತ್ತಿರಲಿಲ್ಲ, ಎಲ್ಲವೂ ಕೈಹೊಲಿಗೆ. ಸಿಪಾಯಿಯ ಕಿಲ್ಟಾದರೆ ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ನಿಲ್ಲಬೇಕು, ಕವಾಯತಿನ ಸಾಲಿನ ಹಾಗೆ. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿಯಂತೆ, ಅಂಥ ಮನೆತನದ ಕಿಲ್ಟಾದರೆ ಎಷ್ಟು ನೆರಿಗೆ ಹಿಡಿದರೂ ಹಿಂದಿನಿಂದ ನೋಡಿದಾಗ ಬಟ್ಟೆಯ ಚೌಕುಳಿ ಮುರಿಯದೆ ಪೂರ್ತಿ ಕಾಣಬೇಕು. ನೆರಿಗೆ ಹಿಡಿದು ಕಚ್ಚಾ ಹೊಲಿಗೆ ಹಾಕಿ, ಮೇಜಿನ ಮೇಲೆ ಹಾಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ನೂಲಿನಷ್ಟು ಸರಿದಿದ್ದರೆ ಪೂರಾ ಬಿಚ್ಚುವುದು. ನಾನು ಗಡಿಯಾರ ನೋಡುವುದು.

ಈ ಉಡುಪಿನ ಕತೆಯನ್ನು ಅವರು ಹೇಳಿದ್ದು ಒಂದು ಶುಕ್ರವಾರ ಮಧ್ಯಾಹ್ನ, ನಾವು ಏಳೆಂಟು ಜನ ಒಟ್ಟಿಗಿದ್ದ ಫ್ಲ್ಯಾಟಿನಲ್ಲಿ, ಊಟವಾದ ಮೇಲೆ. ಹೇಳಿದ್ದು ಎನ್ನುವುದಕ್ಕಿಂತ ಆಡಿ ತೋರಿಸಿದ್ದು. ಲ್ಯಾನ್ಸಿಯ ಮಂಚದಿಂದ ಹೊದಿಕೆ ಎಳೆದರು. ನೆಲದ ಮೇಲೆ ಮೊದಲು ತಮ್ಮ ಬೆಲ್ಟು, ಅದರ ಮೇಲೆ ಹೊದಿಕೆ. ಮಂಡಿಯೂರಿ ನೆರಿಗೆ ಹಿಡಿದರು. ಆಮೇಲೆ ಅದರ ಮೇಲೆ ಅಂಗಾತ ಮಲಗಿದರು.

“ಏ ಮಾಸ್ಟ್ರೇ, ನಿದ್ದೆ ಬಂತಾ?” ಎಂದ ಲ್ಯಾನ್ಸಿ.

“ಸುಮ್ಕಿರಲೇ. ಗುಡ್ಡದ ಮಂದಿ ಹಿಂಗ ಉಡ್ತಿದ್ರು.”

ಮಲಗಿದಲ್ಲೇ ಎರಡೂ ಅಂಚುಗಳನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಬೆಲ್ಟು ಬಿಗಿದು ಎದ್ದು ನಿಂತರು. ಉಳಿದ ಬಟ್ಟೆಯನ್ನು ಹೆಗಲಿಗೆ ಹಾಕಿ ಸೂಜಿ ಚುಚ್ಚಿದರು. ನಿಜವಾಗಿಯೂ ಯಾವುದೋ ಗುಡ್ಡದಿಂದ ಇಳಿದು ಬಂದವರಂತೆ ಕಂಡರು. ಹಗಲು ಉಡುವುದು ಅದೇ, ರಾತ್ರಿ ಹೊದೆಯುವುದು ಅದೇ, ಬಡವರ ಬಟ್ಟೆ. ಆ ಗುಡ್ಡದ ಜನ ಒಮ್ಮೆ ರಾಜನ ಮೇಲೆ ದಂಗೆ ಎದ್ದು ಸೋತರಂತೆ. ಅವರ ಸೊಕ್ಕು ಇರುವುದು ಬಟ್ಟೆಯಲ್ಲೇ ಎಂದು ಸರ್ಕಾರ ಅದನ್ನು ಉಡಬಾರದೆಂದು ಕಾನೂನು ಮಾಡಿತಂತೆ. ಉಟ್ಟರೆ ಜೈಲು. ರಾಜನ ಸೈನ್ಯಕ್ಕೆ ಸೇರಿದವನಿಗೆ ಮಾತ್ರ ಮಾಫಿ. ಮೂವತ್ತು ಚಿಲ್ಲರೆ ವರ್ಷ ಕಳೆದು ಕಾನೂನು ಹೋಯಿತು. ಅಷ್ಟರಲ್ಲಿ ಉಡುವುದೇ ಮರೆತಿದ್ದ ಜನ ಎಷ್ಟೋ. ಆಮೇಲೆ ದೊಡ್ಡವರಿಗೆ ಅದೇ ಉಡುಪು ಚೆಂದ ಕಾಣತೊಡಗಿತು. ಒಬ್ಬ ರಾಜ ಆ ಸೀಮೆಗೆ ಹೋದಾಗ ತಾನೇ ಉಟ್ಟು ನಿಂತ. ಮುಂದೆ ಒಬ್ಬ ರಾಣಿ ಆ ಗುಡ್ಡಗಳಲ್ಲೇ ಮನೆ ಮಾಡಿ, ಮನೆಯ ಆಳುಗಳಿಗೆ, ಬೇಟೆಗೆ ಕರೆದೊಯ್ಯುವವರಿಗೆ, ಬೆಳಿಗ್ಗೆ ಕಿಟಕಿಯ ಕೆಳಗೆ ಪೈಪ್ ಊದುವವನಿಗೆ ಅದನ್ನು ಉಡಿಸಿದಳು. ಸೊಂಟದ ಮುಂದೆ ಚರ್ಮದ ಚೀಲ, ಕಾಲುಚೀಲದಲ್ಲಿ ಸಣ್ಣ ಚಾಕು, ಬೆಳ್ಳಿ ಗುಂಡಿಯ ಕೋಟು, ಎಲ್ಲ ಸೇರಿ ಅದು ಅರಮನೆಯ ದರ್ಬಾರಿ ಉಡುಪಾಯಿತು.

“ನೋಡ್ರಿ ಶೆಟ್ರ,” ಎಂದು ಮಾಸ್ಟ್ರು ಹೊದಿಕೆ ಬಿಚ್ಚುತ್ತ ನನ್ನ ಕಡೆ ತಿರುಗಿದರು. “ಆ ಗುಡ್ಡದ ಅಜ್ಜ ಉಟ್ಟಿದ್ದಕ್ಕ ಜೇಲಿಗೆ ಹೋದ. ಮೊಮ್ಮಗಗ ಪಗಾರ ಕೊಟ್ಟು ಅದನ್ನ ಉಡಿಸಿ ಬಾಗಲಾಗ ನಿಲ್ಲಿಸಿದ್ರು.”

ನಾವೆಲ್ಲ ಬಾಗಿಲಲ್ಲಿ ನಿಲ್ಲುವವರಿಗೆ ಬಟ್ಟೆ ಹೊಲಿಯುವವರು. ಲ್ಯಾನ್ಸಿ ತನ್ನ ಹೊದಿಕೆ ಮಡಚಿ ಇಟ್ಟ.

ಅಬುಧಾಬಿಯ ಕೆಲಸ ಬಂದದ್ದು ಅದಾದ ಮರುವರ್ಷ. ಅಲ್ಲಿನ ಒಂದು ದೊಡ್ಡ ಮನೆ, ಅರಮನೆ ಎಂದೇ ನಾವು ಕರೆಯುತ್ತಿದ್ದೆವು. ಅವರ ಮನೆಯಲ್ಲಿ ಒಂದು ಸಮಾರಂಭ. ಬಾಗಿಲ ಸಿಬ್ಬಂದಿಗೂ ಪೈಪ್ ಊದುವವರಿಗೂ ಪೂರ್ತಿ ಸ್ಕಾಟಿಷ್ ಉಡುಪು ಬೇಕು. ಅವರ ಮನೆವಾರ್ತೆ ನೋಡುವ ಅಧಿಕಾರಿ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಇಂಗ್ಲೆಂಡಿನ ರಾಣಿಯ ಪೈಪರ್. ಬೂದು ಬಣ್ಣದ ಕಿಲ್ಟ್, ಕಪ್ಪು ಪಟ್ಟೆ, ನಡುವೆ ಕೆಂಪು ಗೆರೆ. “ಹೀಗೆಯೇ ಇರಬೇಕು” ಎಂದರು. ಆಗಲಿ ಸರ್ ಎಂದೆ. ಮಾಸ್ಟ್ರನ್ನು ಕೇಳದೆ ದಿನಾಂಕವನ್ನೂ ಒಪ್ಪಿಕೊಂಡೆ. ನನಗೆ ಆಗ ಸೇಟ್ ಕೈಯಿಂದ ಆಗಬೇಕಾದ ಒಂದು ಕೆಲಸವಿತ್ತು. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ವೀಸಾಕ್ಕೆ ಅವರು ಸಹಿ ಹಾಕಬೇಕಿತ್ತು. ಈ ಕೆಲಸ ಸರಿಯಾಗಿ ಆದರೆ ಹಾಕುತ್ತೇನೆ ಎಂದಿದ್ದರು.

ಚಿತ್ರ ನೋಡಿ ಒಂದು ಮಿಲ್ಲಿನವರು ಬಟ್ಟೆ ನೇಯ್ದು ಕಳಿಸಿದರು. ಮಾಸ್ಟ್ರು ಥಾನು ಬಿಚ್ಚಿ ಅಂಗೈಯಿಂದ ಸವರಿದರು, ಬೆಳಕಿಗೆ ಹಿಡಿದರು. ಆಮೇಲೆ ಹೇಗೆ ಬಂದಿತ್ತೋ ಹಾಗೆಯೇ ಸುತ್ತಿ ಇಟ್ಟರು.

“ಇದು ನನ್ನ ಕಡಿಂದ ಆಗೂದಿಲ್ಲರಿ.”

“ಎಂತ ಆಯ್ತು ಮಾಸ್ಟ್ರೆ? ಬಟ್ಟೆ ಸರಿ ಇಲ್ವಾ?”

“ಬಟ್ಟಿ ಬಂಗಾರ ಐತಿ. ಇದು ಇಂಗ್ಲೆಂಡಿನ ರಾಣಿ ಮನಿಯವರದ್ರಿ. ಹಿಂದ ಗುಡ್ಡದಾಗ ಮನಿ ಮಾಡಿದ್ಳಲ್ಲ, ಆ ರಾಣಿ ಗಂಡ ತಮ್ಮ ಮನಿಗಂತ ಮಾಡಿದ್ದು. ಅಲ್ಲಿ ಗುಡ್ಡದ ಕಲ್ಲಿನ ಬಣ್ಣ ಇದು. ಮನಿಯವರು ಉಡ್ತಾರ, ಅವರ ಪೈಪರ್ ಒಬ್ಬಾಂವ ಉಡ್ತಾನ. ಅವರ ತ್ವಾಟದ ಆಳುಗಳಿಗೂ ಇದನ್ನ ಕೊಡೂದಿಲ್ಲ, ಬ್ಯಾರೆ ಬಟ್ಟಿ. ನಮ್ಮ ಅಜ್ಜಗ ಒಬ್ಬ ಕರ್ನಲ್ ಕೇಳಿದ್ನಂತ. ಅಜ್ಜ ಹೊಲದು ಕೊಡಲಿಲ್ಲ.”

“ಇದು ಅಬುಧಾಬಿ ಮಾರಾಯ್ರೆ. ಇಲ್ಲಿ ಯಾರು ನೋಡ್ತಾರೆ?”

“ನಾ ನೋಡ್ತೀನಲ್ಲ.”

ಸಿಟ್ಟಿನಿಂದ ನಾನು, “ನೀವು ಹೊಲಿಯುವವರು, ಅರಮನೆಯ ಮಂತ್ರಿ ಅಲ್ಲ” ಎಂದೆ. ಸುತ್ತ ಮಶೀನುಗಳು ನಿಂತವು. ಮಾಸ್ಟ್ರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಶೆಟ್ರ, ನಿಮಗ ಒಂದು ಗುಂಡಿ ಹಚ್ಚಾಕ ಬರೂದಿಲ್ಲ. ನೀವು ನನಗ ಹೇಳಾಕ ಬರಬ್ಯಾಡ್ರಿ.”

ಲ್ಯಾನ್ಸಿ ಕಿಸಕ್ಕನೆ ನಕ್ಕ. ಆ ನಗು ಇಂದಿಗೂ ನನ್ನ ಕಿವಿಯಲ್ಲಿದೆ. ಎಷ್ಟು ಸಣ್ಣ ವಿಷಯ!

ಮೂರನೆಯ ದಿನ ಮಾಸ್ಟ್ರು ತಾವಾಗಿಯೇ ನನ್ನ ಮೇಜಿನ ಬಳಿ ಬಂದರು. ಕೈಯಲ್ಲಿ ಅಂಗೈಯುದ್ದದ ಒಂದು ರಟ್ಟಿನ ಪಟ್ಟಿ. ಅದಕ್ಕೆ ಬಣ್ಣಬಣ್ಣದ ನೂಲನ್ನು ಒತ್ತೊತ್ತಾಗಿ ಸುತ್ತಿದ್ದರು. ಒಂದು ಚೌಕುಳಿಯಲ್ಲಿ ಯಾವ ಬಣ್ಣದ ಎಳೆ ಎಷ್ಟು ಬರಬೇಕು ಎಂದು ನೇಕಾರನಿಗೆ ತಿಳಿಸುವ ಹಳೆಯ ಕ್ರಮವಂತೆ ಅದು. ಅಗಲಕ್ಕೆ ಮರಳಿನ ಬಣ್ಣ, ಪಕ್ಕದಲ್ಲಿ ಖರ್ಜೂರದ ಕಂದು, ಆಮೇಲೆ ಗಿಡುಗನ ರೆಕ್ಕೆಯ ಬೂದುಗಪ್ಪು. ನಟ್ಟನಡುವೆ ಎರಡೇ ಎಳೆ ಸಮುದ್ರದ ಹಸಿರು. ಆ ಹಸಿರು ಮೊದಲ ನೋಟಕ್ಕೆ ಕಾಣದು, ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ.

“ಆ ರಾಣಿ ತಮ್ಮ ಗುಡ್ಡ ನೋಡಿ ಮಾಡಿಸಿಕೊಂಡ್ಳು. ಇವರಿಗೂ ಮರಳೈತಿ, ಸಮುದ್ರೈತಿ. ಇವರ ಮನಿಗೂ ಒಂದು ಇರ್ಲಲ್ಲ. ಅವರಿಗೆ ತೋರಿಸ್ರಿ ಶೆಟ್ರ. ಒಪ್ಪಿದ್ರ ಎಲ್ಲಾ ನಾನ ಹೊಲದು ಕೊಡ್ತೀನಿ, ಮನಿಗೂ ಹೋಗೂದಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ನಾ ಜೀವಮಾನ ಎಲ್ಲಾ ಮಂದಿ ಚೌಕುಳಿ ಹೊಲದೀನಿ. ಇದೊಂದ ನಂದು.”

ಅವರ ಬಾಯಿಂದ ನಾನು ಕೇಳಿದ ವಿನಯದ ಮಾತು ಅದೊಂದೇ. ಕೇಳಿಲ್ಲ ಎಂದು ಮೇಲೆ ಬರೆದದ್ದು ತಪ್ಪು.

ಪಟ್ಟಿ ಇಸಿದುಕೊಂಡು ಮೇಜಿನ ಖಾನೆಗೆ ಹಾಕಿದೆ. ಹೊಸ ಬಟ್ಟೆ ನೇಯಿಸಿದರೆ ದಿನ ಹೋಗುತ್ತದೆ, ನನ್ನ ಮಾತು ಹೋಗುತ್ತದೆ, ವೀಸಾ ಹೋಗುತ್ತದೆ. ಮರುದಿನ ಸೇಟ್ ಕರೆದು, ಬಟ್ಟೆ ಇನ್ನೂ ಯಾಕೆ ಮೇಜಿಗೆ ಏರಿಲ್ಲ ಎಂದು ಕೇಳಿದರು. ಮಾಸ್ಟ್ರು ಒಲ್ಲೆ ಎನ್ನುತ್ತಾರೆ ಎಂದರೆ ಸೇಟ್ ಅವರನ್ನೇ ಕರೆಸುತ್ತಾರೆ, ಮಾಸ್ಟ್ರು ಪಟ್ಟಿಯ ಮಾತು ತೆಗೆಯುತ್ತಾರೆ. ನಾನು ಹೇಳಿದೆ, “ಮಾಸ್ಟ್ರಿಗೆ ಕಣ್ಣು ಮಂಜಾಗಿದೆ ಸೇಟ್‌ಜೀ. ನೆರಿಗೆ ಸರಿಯಾಗಿ ಕಾಣುವುದಿಲ್ಲ. ಪಾಪ, ಹೇಳಿಕೊಳ್ಳುವುದಕ್ಕೆ ನಾಚಿಕೆ.”

ಸೇಟ್ ಕೆಟ್ಟವರಲ್ಲ. “ಛೆ, ವಯಸ್ಸಾಯಿತು ಬಿಡು. ಯಾರ ಎದುರೂ ಅವರನ್ನು ಕೇಳಿ ನೋಯಿಸಬೇಡ. ಮರ್ಯಾದೆಯಿಂದ ಕಳಿಸೋಣ” ಎಂದರು. ಒಂದು ಸುಳ್ಳು ಹೇಳಿದವನಿಗೆ ಇದಕ್ಕಿಂತ ಅನುಕೂಲದ ಕರುಣೆ ಬೇಕೆ? ಬಟ್ಟೆ ಶಾರ್ಜಾದ ಬೇರೆ ಟೈಲರುಗಳಿಗೆ ಹೋಯಿತು, ಅದರ ಜೊತೆ ಕಣ್ಣಿನ ಸುದ್ದಿಯೂ ಹೋಯಿತು. ಅವರು ಮಶೀನಿನಲ್ಲಿ ಹೊಡೆದು ಹೇಳಿದ ದಿನಕ್ಕೆ ಕೊಟ್ಟರು. ಸಮಾರಂಭ ಚೆನ್ನಾಗಿ ನಡೆಯಿತಂತೆ. ಯಾರೂ ಏನೂ ಗುರುತಿಸಲಿಲ್ಲ. ನನ್ನ ಹೆಂಡತಿ ಮಗಳು ಬಂದರು.

ಮಾಸ್ಟ್ರಿಗೆ ವಯಸ್ಸಿನ ಕಾರಣ ವೀಸಾ ಮುಂದುವರಿಯುವುದಿಲ್ಲ ಎಂದಷ್ಟೇ ಹೇಳಿದ್ದರು. ಬೀಳ್ಕೊಡುವ ದಿನ ವರ್ಕ್‌ಶಾಪಿನಲ್ಲೇ ಕೇಕು, ಸಮೋಸ, ಚಾ. ಮೇಜಿನ ಹತ್ತಿರ ನಿಂತು ಮಾಸ್ಟ್ರು ನನ್ನ ಕಿವಿಯಲ್ಲಿ ಕೇಳಿದರು.

“ಪಟ್ಟಿ ತೋರಿಸಿದ್ರೇನ್ರಿ?”

“ತೋರಿಸಿದೆ.”

“ಏನಂದ್ರು?”

“ಭಾರೀ ಚೆಂದ ಉಂಟು ಅಂದ್ರು. ಅರಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಈ ಸಲ ಮಾತ್ರ ಸಮಯ ಇಲ್ಲ ಅಂದ್ರು.”

ಅವರ ಮುಖ ಅರಳಿದ್ದನ್ನು ಬರೆಯಲು ನನಗೆ ಬಾರದು. ಹೊಸದಾಗಿ ಬಣ್ಣ ಹಚ್ಚಿದ ಮೀಸೆಯನ್ನು ಒಮ್ಮೆ ಸವರಿಕೊಂಡರು. “ಹಂಗಾದ್ರ ಮುಂದಿನ ವರ್ಷ ನೇಯಿಸ್ತಾರ ತಗೋರಿ” ಎಂದರು.

ಆಗಲೇ ಸೇಟ್ ಮಾತಿಗೆ ನಿಂತರು. ಹೊಗಳಿದರು, ಕೊನೆಗೆ ಅಭಿಮಾನದಿಂದ, “ನಮ್ಮ ಈ ಅಂಗಡಿಗಾಗಿ ತಮ್ಮ ಎರಡೂ ಕಣ್ಣು ಸವೆಸಿದವರು ಇವರು” ಎಂದುಬಿಟ್ಟರು. ಬೇರೆಯವರು ತಲೆ ತಗ್ಗಿಸಿದರು. ಮಾಸ್ಟ್ರು ಮೊದಲು ಸೇಟ್ ಕಡೆ, ಆಮೇಲೆ ನನ್ನ ಕಡೆ ನೋಡಿದರು. ನಾನು ಕೇಕಿನ ಮೇಲೆ ಬರೆದ ಅಕ್ಷರ ಓದುತ್ತಿದ್ದೆ.

ಅವರು ಎದೆಯ ಮೇಲಿನ ಸಾಲಿನಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದರು, ಕರಿ ನೂಲು ಹರಿದುಕೊಂಡರು, ಕೈ ಪೂರ್ತಿ ಚಾಚಿ ಹಿಡಿದು ಒಂದೇ ಸಲಕ್ಕೆ ಪೋಣಿಸಿದರು. ಎಲ್ಲರೂ ತಮಾಷೆ ಎಂದು ಚಪ್ಪಾಳೆ ಹೊಡೆದರು. ಲ್ಯಾನ್ಸಿ ಸೀಟಿ ಹಾಕಿದ. ಮಾಸ್ಟ್ರು ಆ ಸೂಜಿಯನ್ನು ತಂದು ನನ್ನ ಅಂಗಿಯ ಜೇಬಿನ ಅಂಚಿಗೆ ಚುಚ್ಚಿ, “ಇಟಗೋರಿ, ಗುಂಡಿ ಹಚ್ಚಾಕ ಕಲೀರಿ” ಎಂದರು. ಮೆಟ್ಟಿಲಿಳಿದು ಹೋದರು. ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ.

ಈಗ ನಾನೂ ಕೆಲಸ ಬಿಟ್ಟಿದ್ದೇನೆ. ಹೆಂಡತಿ ತೀರಿಕೊಂಡಳು. ಅಲ್ ಐನ್‌ನ ಶಾಲೆಯೊಂದರಲ್ಲಿ ಪಾಠ ಹೇಳುವ ಮಗಳ ಮನೆಯಲ್ಲಿದ್ದೇನೆ. ಅಂದು ನನ್ನ ಸುಳ್ಳಿನ ಬೆನ್ನಿಗೆ ಇಲ್ಲಿಗೆ ಬಂದ ಹೈಸ್ಕೂಲು ಹುಡುಗಿ ಇವಳೇ. ಹೋದ ತಿಂಗಳು ಬೆಳಗಾವಿಯಿಂದ ಫೋನ್ ಬಂತು. ಮಾಸ್ಟ್ರ ಮಗಳು. ತಂದೆಯ ಫೋನಿನಲ್ಲಿ ನನ್ನ ನಂಬರ್ ಇತ್ತಂತೆ.

“ಬಾಬಾ ಹ್ವಾದ್ರು ಅಂಕಲ್. ಹದಿನೈದು ದಿನಾ ಆತು. ನಿಮಗ ಹೇಳಬೇಕಂತ ಅನಸ್ತು. ಭಾಳ ನೆನಸ್ತಿದ್ರು.”

ನನ್ನನ್ನೇ?

ಅವಳು ನಿಧಾನವಾಗಿ ಎಲ್ಲ ಹೇಳಿದಳು. ಅವರು ಊರು ಮುಟ್ಟುವ ಮೊದಲೇ ಕಣ್ಣಿನ ಸುದ್ದಿ ಊರು ಮುಟ್ಟಿತ್ತು. ಶಾರ್ಜಾದಲ್ಲಿದ್ದ ಬೆಳಗಾವಿಯ ಟೈಲರುಗಳು ಅದನ್ನು ಮುಟ್ಟಿಸಿದ್ದರು. ಮದುವೆಯ ಶೇರ್ವಾನಿ, ಕೋಟು ಯಾರೂ ತಂದು ಕೊಡಲಿಲ್ಲ. ದಿಂಬಿನ ಗವಸು, ಪರದೆ, ಅಷ್ಟೇ. ಮನೆಗೆ ಯಾರೇ ಬರಲಿ, ಗ್ಯಾಸ್ ತಂದವನಾದರೂ ಸರಿ, ಅವನನ್ನು ನಿಲ್ಲಿಸಿ ಅವನೆದುರು ಸೂಜಿ ಪೋಣಿಸಿ ತೋರಿಸುತ್ತಿದ್ದರು.

“ನಮಗ ನಾಚಿಕಿ ಆಗ್ತಿತ್ರಿ. ಕಡೀಕ ನಾನ ಸೂಜಿ ಡಬ್ಬಿ ಮುಚ್ಚಿಟ್ಟೆ. ಚುಚ್ಚಿಕೊಂಡಾರು ಅಂತ. ಖರೇ ಹೇಳ್ರಿ ಅಂಕಲ್, ಬಾಬಾಗ ಅಲ್ಲೇ ಕಣ್ಣು ಹೋಗಿದ್ದುವೇನು?”

ಕೋಣೆಯಲ್ಲಿ ಮೊಮ್ಮಗ ಇಂಗ್ಲಿಷಿನಲ್ಲಿ ಏನೋ ಕೇಳಿದ. ಬಾಗಿಲು ಹಾಕಿಕೊಂಡೆ.

“ಇಲ್ಲ ಮಗಾ. ಅವರ ಕಣ್ಣು ಚೆನ್ನಾಗಿಯೇ ಇತ್ತು. ಆ ಸುಳ್ಳು ಹುಟ್ಟಿಸಿದವನು ನಾನು.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಳುತ್ತಿದ್ದಳು. ಸೂಜಿಯ ಡಬ್ಬಿ ಮುಚ್ಚಿಟ್ಟದ್ದಕ್ಕೆ ಅಳುತ್ತಿದ್ದಳು.

ಆಮೇಲೆ ಮೂಗೊರೆಸಿಕೊಂಡು ಹೇಳಿದಳು, “ಬಾಬಾಗ ಇದು ಗೊತ್ತಿತ್ತು ಅನಸ್ತದರಿ. ಆದ್ರೂ ನಿಮ್ಮ ಬಗ್ಗೆ ಒಂದ ಮಾತು ಕೆಟ್ಟ ಆಡಲಿಲ್ಲ. ಶೆಟ್ಟರು ನನ್ನ ಪಟ್ಟಿ ಅರಮನಿಗೆ ಮುಟ್ಟಿಸ್ಯಾರ, ಅಷ್ಟು ಮಾಡ್ಯಾರಲ್ಲ ಅಂತಿದ್ರು. ದವಾಖಾನ್ಯಾಗ ನರ್ಸ್ ಮಂದಿಗೂ ಅದನ್ನ ಹೇಳಿದ್ರು, ಅಬುಧಾಬಿ ಅರಮನ್ಯಾಗ ನನ್ನ ಚೌಕುಳಿ ಐತಿ ಅಂತ. ಈಗೂ ಅಲ್ಲೇ ಐತೇನ್ರಿ?”

ಸೂಜಿಯೂ ಪಟ್ಟಿಯೂ ನನ್ನ ಪೆಟ್ಟಿಗೆಯಲ್ಲಿ ಒಂದೇ ಕರವಸ್ತ್ರದೊಳಗಿವೆ. ಬೆಳಕು ಕಾಣದ ನೂಲು, ಬಣ್ಣ ಒಂದಿಷ್ಟೂ ಮಾಸಿಲ್ಲ.

“ಭದ್ರವಾಗಿ ಉಂಟು ಮಗಾ” ಎಂದೆ. ಫೋನ್ ಇಟ್ಟೆ.

ಒಂದನ್ನು ಒಪ್ಪಿಕೊಂಡ ಬಾಯಿ ಇನ್ನೊಂದನ್ನು ಒಪ್ಪಿಕೊಳ್ಳಲಿಲ್ಲ. ಆ ದೊಡ್ಡ ಮನೆಯವರು ಈ ಪಟ್ಟಿಯನ್ನು ಕಂಡೇ ಇಲ್ಲ. ಕಂಡಿದ್ದರೆ ಬೇಡ ಎನ್ನುತ್ತಿದ್ದರೋ, ಇಡೀ ಮನೆಗೆ ಉಡಿಸುತ್ತಿದ್ದರೋ, ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು. ಸತ್ತವರ ಕೊನೆಯ ಸಂತೋಷವನ್ನು ಯಾಕೆ ಕದಡಬೇಕು ಎಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸೇಟ್ ಎದುರು ಹೇಳಿದ ‘ಪಾಪ’ದ ಜಾತಿಯ ಮಾತೇ ಎಂದು ಆಮೇಲೆ ತಿಳಿಯಿತು.

ಗೋವಾಕ್ಕೆ ಟಿಕೆಟ್ ಮಾಡಿಸಿದ್ದೇನೆ. ಅಲ್ಲಿಂದ ಬೆಳಗಾವಿಗೆ ಬಸ್ಸಿದೆ. ಕರವಸ್ತ್ರ ಬಿಚ್ಚಿ ಪಟ್ಟಿಯನ್ನು ಆ ಹುಡುಗಿಯ ಕೈಗೆ ಕೊಡುವುದು, ಅಷ್ಟೇ ನನಗೆ ಉಳಿದಿರುವ ಕೆಲಸ. ಅವಳು ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾಳೆ, ಅವರ ಮಗಳಲ್ಲವೇ. ನಡುವಿನ ಎರಡು ಹಸಿರು ಎಳೆ ಅವಳಿಗೆ ಕಾಣುತ್ತವೆ. ಆಮೇಲೆ ಮುಖ ಎತ್ತಿ, ಇದು ಇಲ್ಲಿದ್ದರೆ ಅರಮನೆಯಲ್ಲಿ ಇರುವುದೇನು ಎಂದು ಕೇಳುತ್ತಾಳೆ.